ಹಸಿ ಪಣತಿ, ಸುಟ್ಟ ಪಣತಿ

ಖಾನಾಪುರದ ಒಂದು ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಮನೆ ಇರುವುದು ಬೆಳಗಾವಿಯ ಮಹಾಂತೇಶ ನಗರದಲ್ಲಿ. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹೋಗಿ, ಸಂಜೆ ಬಸ್ಸು ಹಿಡಿದು ಬರುವುದು ಇಪ್ಪತ್ತು ವರ್ಷಗಳಿಂದ ನಡೆದಿದೆ. ಭೌತ ಬದಲಾವಣೆ, ರಾಸಾಯನಿಕ ಬದಲಾವಣೆ ಎಂಬ ಪಾಠವನ್ನಂತೂ ಪುಸ್ತಕ ತೆರೆಯದೆಯೇ ಹೇಳಬಲ್ಲೆ ಎಂಬ ಧೈರ್ಯ ನನಗಿತ್ತು. ಆ ಧೈರ್ಯವೇ ಒಂದು ದಿನ ನನ್ನನ್ನು ಎಡವಿಸಿತು.

ಎಂಟನೆಯ ತರಗತಿ. ಮಂಜುಗಡ್ಡೆ ಕರಗುವುದು ಭೌತ ಬದಲಾವಣೆ, ಕಾಗದ ಉರಿಯುವುದು ರಾಸಾಯನಿಕ ಬದಲಾವಣೆ ಎಂದು ಹೇಳಿ, ನಿಮಗೆ ಗೊತ್ತಿರುವ ಉದಾಹರಣೆ ಕೊಡಿ ಎಂದೆ. ಮೂರನೇ ಸಾಲಿನ ಒಬ್ಬ ಹುಡುಗಿ ಎದ್ದು ನಿಂತಳು. ಕುಂಬಾರರ ಮನೆಯವಳು, ಮಾತು ಕಡಿಮೆ.

"ಟೀಚರ್, ಗಡಿಗಿ ಸುಡೂದು ಯಾವ ಬದಲಾವಣಿ ರೀ?"

ನಾನು ಯೋಚಿಸಲೇ ಇಲ್ಲ. "ಬೆಂಕಿಗೆ ನೀರು ಆರಿ ಹೋಗತೈತಿ. ಮಣ್ಣು ಮಣ್ಣಾಗೇ ಇರತೈತಿ. ಹಂಗಾಗಿ ಭೌತ ಬದಲಾವಣೆ," ಎಂದೆ. ಹಿಂದೆಮುಂದೆ ನೋಡದೆ ಕರಿಹಲಗೆಯ ಮೇಲೆಯೂ ಬರೆದೆ. ಅವಳು ಕೂತಳು. ಆದರೆ ಅವಳ ಮುಖದಲ್ಲಿ ಒಪ್ಪಿಗೆ ಇರಲಿಲ್ಲ.

ಮರುದಿನ ಹಾಜರಿ ಕೂಗಿ ಮುಗಿಯುತ್ತಲೇ ಅವಳು ಟಿಫಿನ್ ಡಬ್ಬಿಯಿಂದ ದೀಪ ಹಚ್ಚುವ ಎರಡು ಮಣ್ಣಿನ ಪಣತಿ ತೆಗೆದು ನನ್ನ ಮೇಜಿನ ಮೇಲಿಟ್ಟಳು. ಒಂದು ಬೂದುಬಣ್ಣದ್ದು, ಬಿಸಿಲಲ್ಲಿ ಒಣಗಿಸಿದ್ದು, ಇನ್ನೂ ಬೆಂಕಿ ಕಾಣದ್ದು. ಇನ್ನೊಂದು ಸುಟ್ಟು ಕೆಂಪಾದದ್ದು.

"ಎರಡೂ ನೀರಾಗ ಹಾಕ್ಲೇನ್ರಿ?"

ಪ್ರಯೋಗಾಲಯದಿಂದ ಎರಡು ಗಾಜಿನ ಬೀಕರ್ ತರಿಸಿದೆ. ಮಕ್ಕಳೆಲ್ಲ ಮೇಜಿನ ಸುತ್ತ ಮುತ್ತಿದರು. ಒಣಗಿದ ಪಣತಿಯ ಅಂಚು ಮೊದಲು ಉದುರಿತು, ಆಮೇಲೆ ಹೊಟ್ಟೆ ಬಿರಿಯಿತು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಬೀಕರಿನ ತಳದಲ್ಲಿ ಬರೀ ರಾಡಿ ಉಳಿಯಿತು. ಸುಟ್ಟ ಪಣತಿಯಿಂದ ಒಂದಿಷ್ಟು ಗುಳ್ಳೆಗಳು ಎದ್ದವು, ಅಷ್ಟೇ. ಅದು ಇದ್ದ ಹಾಗೇ ಕೂತಿತ್ತು.

"ನೀರು ಎರಡರಾಗಿಂದನೂ ಆರೇತಿ ಅಲ್ರಿ ಟೀಚರ್. ಮತ್ತ ಇದ್ಯಾಕ ಕರಗವಲ್ದು?"

ಕಿವಿ ಬಿಸಿಯಾದದ್ದು ನನಗೆ ಇಂದಿಗೂ ನೆನಪಿದೆ. ಸಮಯ ಆಯಿತು, ನಾಳೆ ನೋಡೋಣ ಎಂದು ಜಾರಿಕೊಳ್ಳಬಹುದಿತ್ತು. ಆದರೆ ಎದುರಿಗೇ ಎರಡು ಬೀಕರ್ ಇದ್ದವು. "ನಂದ ತಪ್ಪಾತು," ಎಂದೆ. "ಇದು ರಾಸಾಯನಿಕ ಬದಲಾವಣೆ. ಬೆಂಕಿಯೊಳಗ ಮಣ್ಣು ಬ್ಯಾರೆ ವಸ್ತುನೇ ಆಗತೈತಿ. ಮತ್ತ ಹಿಂದಕ್ಕ ಬರೂದಿಲ್ಲ." ಹಿಂದಿನ ದಿನ ಬರೆಸಿದ್ದ ಸಾಲನ್ನು ಎಲ್ಲರ ನೋಟುಬುಕ್ಕಿನಲ್ಲೂ ಹೊಡೆದುಹಾಕಿಸಿದೆ. ಹುಡುಗಿ ಹೆಮ್ಮೆಯಿಂದ ಬೀಗಲಿಲ್ಲ. ಬೀಕರ್ ತೊಳೆದಿಟ್ಟು ತನ್ನ ಜಾಗಕ್ಕೆ ಹೋದಳು.

ಶನಿವಾರ ಶಾಲೆ ಬೇಗ ಬಿಟ್ಟಿತು. ಅವಳ ಜೊತೆ ಅವಳ ಮನೆಗೆ ನಡೆದೆ. ಅಂಗಳದಲ್ಲಿ ಅವಳ ಅಜ್ಜಿ ಹಸಿ ಗಡಿಗೆಯ ತಳವನ್ನು ಚಪ್ಪಟೆ ಹಲಗೆಯಿಂದ ತಟ್ಟುತ್ತಿದ್ದರು.

"ಬರ್ರಿ ಅಕ್ಕಾರ, ಕುಂದರ್ರಿ. ಹುಡುಗಿ ನಿಮಗ ಎದುರು ಮಾತಾಡಿದಳಂತ?"

"ಎದುರು ಮಾತಲ್ಲ ಅಜ್ಜಿ, ಖರೇ ಮಾತು. ನನಗ ಗೊತ್ತಿರಲಿಲ್ಲ, ಆಕಿ ತೋರಿಸಿಕೊಟ್ಟಳು."

ಅಜ್ಜಿ ನಕ್ಕು, ಪಕ್ಕದ ಮನೆಯವರಿಗೆ ಮರಾಠಿಯಲ್ಲಿ ಅದನ್ನೇ ಕೂಗಿ ಹೇಳಿದರು. ಆಮೇಲೆ ಗಡಿಗೆ ಸುಡುವ ಆವಿಗೆಯ ಹತ್ತಿರ ನನ್ನನ್ನು ಕರೆದೊಯ್ದರು. ಒಂದು ಹಸಿ ಗಡಿಗೆಯನ್ನು ಬೆರಳಿನಿಂದ ತಟ್ಟಿದರು, ಮಂದವಾದ ಸದ್ದು ಬಂತು. ಸುಟ್ಟದ್ದನ್ನು ತಟ್ಟಿದರು, ಠಣ್ ಎಂದಿತು. "ಸುಟ್ಟ ಮ್ಯಾಲ ಹಗರ ಆಗತೈತ್ರಿ. ಕೈಗೇ ತಿಳೀತೈತಿ," ಎಂದರು.

ಹಗುರ ಎಂಬ ಆ ಮಾತನ್ನು ನಾನು ಬಿಡಲಿಲ್ಲ. ಚೆನ್ನಾಗಿ ಒಣಗಿದ ಒಂದು ಪುಟ್ಟ ಬಟ್ಟಲನ್ನು ಶಾಲೆಗೆ ಒಯ್ದು ತೂಗಿದೆವು. ನೂರಾ ಇಪ್ಪತ್ತು ಗ್ರಾಂ. ಅಜ್ಜಿ ಅದನ್ನು ತಮ್ಮ ಮುಂದಿನ ಆವಿಗೆಯಲ್ಲಿ ಸುಟ್ಟು ಕೊಟ್ಟರು. ಮತ್ತೆ ತೂಗಿದರೆ ನೂರಾ ಎಂಟು. ಮಕ್ಕಳಿಗೆ ಅದೇ ದೊಡ್ಡ ಜಗಳವಾಯಿತು. ವಸ್ತು ಎಲ್ಲಿಗೂ ಮಾಯವಾಗುವುದಿಲ್ಲ ಎಂದು ಹಿಂದಿನ ವಾರವಷ್ಟೇ ಕಲಿಸಿದ್ದೆನಲ್ಲ!

"ಹನ್ನೆರಡು ಗ್ರಾಂ ಬೆಂಕಿ ತಿಂತು," ಎಂದ ಒಬ್ಬ.

"ಬೆಂಕಿಗೇನ್ ಹೊಟ್ಟಿ ಐತೇನು?" ಎಂದಳು ನಮ್ಮ ಹುಡುಗಿ.

ಜೇಡಿಮಣ್ಣಿನಲ್ಲಿ ಎರಡು ಬಗೆಯ ನೀರಿದೆ ಎಂದು ವಿವರಿಸಿದೆ. ಕಲಸುವಾಗ ಹಾಕಿದ್ದು ಬಿಸಿಲಿಗೆ ಆರುತ್ತದೆ. ಇನ್ನೊಂದು ಮಣ್ಣಿನ ಕಣದ ರಚನೆಯಲ್ಲೇ ಸೇರಿಹೋಗಿರುತ್ತದೆ, ಆವಿಗೆಯ ಕಾವಿಗೆ ಮಾತ್ರ ಆವಿಯಾಗಿ ಹೊರಡುತ್ತದೆ. ಅದು ಹೋದ ಮೇಲೆ ಮಣ್ಣು ಮೊದಲಿನ ಮಣ್ಣಲ್ಲ. ನಂಬಿಕೆ ಬರಲೆಂದು, ಇಡೀ ದಿನ ಬಿಸಿಲಿಗಿಟ್ಟ ಮಣ್ಣಿನ ಪುಡಿಯನ್ನು ಪ್ರನಾಳದಲ್ಲಿ ಹಾಕಿ ಸ್ಪಿರಿಟ್ ದೀಪದ ಮೇಲೆ ಹಿಡಿದೆ. ಸ್ವಲ್ಪ ಹೊತ್ತಿಗೆ ಪ್ರನಾಳದ ಬಾಯಿಯ ಹತ್ತಿರ ಸಣ್ಣ ಹನಿಗಳು ಕೂತವು. ಮಕ್ಕಳು ಚಪ್ಪಾಳೆ ಹೊಡೆದರು. ಅದರಲ್ಲಿ ಯಾವ ನೀರು ಎಷ್ಟು ಎಂದು ನನ್ನ ಪುಟ್ಟ ದೀಪ ಹೇಳಲಾರದು ಎಂಬುದನ್ನೂ ಅವರಿಗೆ ಹೇಳಿದೆ.

ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಅಜ್ಜಿಯನ್ನು ಒಂದು ದಿನ ತರಗತಿಗೆ ಕರೆಸಿದೆವು. ನನ್ನ ಕುರ್ಚಿಯನ್ನು ಮುಂದೆ ಸರಿಸಿದರೆ, "ಬ್ಯಾಡ್ರಿ, ನನಗ ನೆಲನ ಚಲೋ," ಎಂದು ಕೂತುಬಿಟ್ಟರು. ಮಕ್ಕಳೂ ಬೆಂಚು ಬಿಟ್ಟು ಸುತ್ತ ಕೂತರು. ಅಜ್ಜಿ ಪಾಠ ಮಾಡಲಿಲ್ಲ, ಪ್ರಶ್ನೆ ಕೇಳಿದರು.

"ಬರೇ ಜೇಡಿಮಣ್ಣಿಲೆ ಮಾಡಿದ್ರ ಗಡಿಗಿ ಒಣಗೂ ಮುಂದನ ಸೀಳತೈತಿ. ಉಸುಕು ಕೂಡಿಸಿದ್ರ ಸೀಳೂದಿಲ್ಲ. ಯಾಕ ಹೇಳ್ರಿ?"

ಎಲ್ಲರೂ ನನ್ನ ಕಡೆ ನೋಡಿದರು. ಅಳೆದು ನೋಡೋಣ ಎಂದೆ. ಬರೀ ಮಣ್ಣಿನ ಪಟ್ಟಿಗಳನ್ನೂ ಉಸುಕು ಬೆರೆಸಿದ ಪಟ್ಟಿಗಳನ್ನೂ ಮಾಡಿ, ಪ್ರತಿಯೊಂದರ ಮೇಲೆ ಅಳತೆಪಟ್ಟಿ ಇಟ್ಟು ಹತ್ತು ಸೆಂಟಿಮೀಟರಿನ ಗೆರೆ ಕೊರೆದೆವು. ವಾರದ ನಂತರ ಬರೀ ಮಣ್ಣಿನ ಗೆರೆ ಒಂಬತ್ತಕ್ಕೆ ಇಳಿದಿತ್ತು, ಉಸುಕಿನದು ಸ್ವಲ್ಪವೇ ಕುಗ್ಗಿತ್ತು. ಕಡಿಮೆ ಕುಗ್ಗಿದರೆ ಸೀಳುವುದೂ ಕಡಿಮೆ ಎಂದು ಮಕ್ಕಳೇ ಹೇಳಿದರು. ಸುದ್ದಿ ತಲುಪಿದಾಗ ಅಜ್ಜಿ ಮೊಮ್ಮಗಳ ಕೈಯಲ್ಲಿ ಹೇಳಿಕಳಿಸಿದರು: "ನಾನು ಕೈಲೆ ಅಳೀತಿದ್ದೆ, ನೀವು ಪಟ್ಟಿಲೆ ಅಳದ್ರಿ. ಎರಡೂ ಒಂದ ಆತು."

ಆ ಹುಡುಗಿ ಈಗ ಬೆಳಗಾವಿಯಲ್ಲಿ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ನಾನು ಅದೇ ಬಸ್ಸಿನಲ್ಲಿ, ಅದೇ ಪಾಠಕ್ಕೆ, ಖುಷಿಯಿಂದಲೇ ಹೋಗುತ್ತೇನೆ. ಈ ವರ್ಷ ಬೀಡಿ ಎಂಬ ಊರಿನ ಕಡೆಯಿಂದ ಬರುವ, ಎಮ್ಮೆ ಕಟ್ಟಿದ ಮನೆಯ ಹುಡುಗಿಯೊಬ್ಬಳು ಹಾಲು ಹೆಪ್ಪಾಗುವುದು ಯಾವ ಬದಲಾವಣೆ ಎಂದು ಕೇಳಿದಳು. ಉತ್ತರ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. "ನಿಮ್ಮ ಮನ್ಯಾಗ ಹ್ಯಾಂಗ ಹೆಪ್ಪ ಹಾಕತಾರ, ಮೊದಲ ಅದನ್ನ ಹೇಳು ನೋಡೂಣು," ಎಂದು ಸೀಮೆಸುಣ್ಣ ಕೆಳಗಿಟ್ಟು ಬೆಂಚಿನ ತುದಿಯಲ್ಲಿ ಕೂತೆ.