ಬ್ರೆಡ್ ಮಶೀನಿಗೆ ಸುರಿದ ಎಸರು

ಅಡುಗೆಕಟ್ಟೆಯ ಮೇಲಿನ ಬ್ರೆಡ್ ಮಶೀನಿನ ಫೋಟೋ ಈ ಪುಟದಲ್ಲಿ ಹಾಕಿದ್ದೇ ತಡ, ಪ್ರಶ್ನೆಗಳ ಮಳೆ. ಶಹಾಬಾದಿನಂಥ ಊರಲ್ಲಿ ಇದು ಯಾಕೆ ಬೇಕಿತ್ತು, ರೊಟ್ಟಿ ಬಡಿಯಲು ಕೈ ನೋಯುತ್ತದೆಯೇ ಎಂದು ಕೆಲವರು ಚುಚ್ಚಿದಿರಿ. ಉಳಿದವರು ರೆಸಿಪಿ ಕೇಳಿದಿರಿ. ಇಬ್ಬರಿಗೂ ಉತ್ತರ ಒಂದೇ. ರೆಸಿಪಿ ಕೊನೆಗೆ ಇದೆ, ಆದರೆ ನೇರವಾಗಿ ಅಲ್ಲಿಗೆ ಹಾರಿದರೆ ನಿಮಗೇನೂ ತಿಳಿಯುವುದಿಲ್ಲ.

ನನ್ನ ಗಂಡನಿಗೆ ಗಲ್ಲದ ಒಳಗೆ ಕ್ಯಾನ್ಸರ್ ಆಗಿತ್ತು. ಅವರು ಗುಟ್ಕಾ ತಿಂದರು, ನಾನು ಜಗಳಾಡಿದೆ, ಅವರು ಮತ್ತೆ ತಿಂದರು. ಈ ಕಥೆ ನಿಮ್ಮ ಮನೆಯಲ್ಲೂ ಇರಬಹುದು, ಬಿಡಿ. ಆಪರೇಷನ್ ಆಯಿತು. ಆಮೇಲೆ ಕರೆಂಟ್ ಕೊಟ್ಟರು. ರೇಡಿಯೇಶನ್‌ಗೆ ನಮ್ಮ ಕಡೆ ಹಾಗೇ ಅನ್ನುವುದು. ಅದು ಮುಗಿಸಿ ಮನೆಗೆ ಬಂದಾಗ ಬಾಯಿ ತುಂಬ ಹುಣ್ಣು. ಬಾಯಿ ತೆರೆದರೆ ಒಂದು ಬೆರಳು ಹೋಗುವಷ್ಟು ಜಾಗ. ಖಾರದ ಮಾತು ಬಿಡಿ, ಉಪ್ಪು ತಾಗಿದರೂ ಮುಖ ಕಿವುಚುತ್ತಿದ್ದರು. ಬೇಕರಿಯಿಂದ ಬ್ರೆಡ್ ತಂದು ಹಾಲಲ್ಲಿ ನೆನೆಸಿ ಕೊಟ್ಟೆ. ಅದರಲ್ಲಿರುವ ಇಷ್ಟೇ ಇಷ್ಟು ಹುಳಿಗೆ ಅವರ ಕಣ್ಣಲ್ಲಿ ನೀರು ಬಂತು.

ಉಳಿದಿದ್ದು ಗಂಜಿ, ಅಂಬಲಿ, ಅರೆದ ಅನ್ನ. ತೂಕ ಇಳಿಯುತ್ತಲೇ ಹೋಯಿತು. ತೋರಿಸಲು ಹೋದಾಗ ಡಾಕ್ಟರು ನೇರವಾಗಿ ಹೇಳಿದರು, ಮುಂದಿನ ಸಲಕ್ಕೆ ಇನ್ನೂ ಇಳಿದಿದ್ದರೆ ಮೂಗಿನಿಂದ ನಳಿಗೆ ಹಾಕಲೇಬೇಕು ಎಂದು. ವಾರ್ಡಿನಲ್ಲಿ ಪಕ್ಕದ ಹಾಸಿಗೆಯವನಿಗೆ ನಳಿಗೆ ಹಾಕಿದ್ದನ್ನು ಇವರು ನೋಡಿದ್ದರು. ಮನೆಗೆ ಬಂದು ಕೂತವರು, ನಾನು ಕೊಟ್ಟ ಗಂಜಿ ಲೋಟವನ್ನು ಪಕ್ಕಕ್ಕೆ ಸರಿಸಿದರು.

"ಕುಡದು ಕುಡದು ಸಾಕಾಗ್ಯದ. ಕೈಯಾಗ ಹಿಡದು ತಿನ್ನೋದು ಏನರ ಕೊಡು. ಇಲ್ಲಾಂದ್ರ ಬ್ಯಾಡ."

ಬೇಡ ಅಂದರೆ ಬೇಡವೇ. ಮರುದಿನ ಗಂಜಿ ಮುಟ್ಟಲಿಲ್ಲ. ಅದರ ಮರುದಿನ ಎರಡು ಗುಟುಕು ಹಾಲು, ಅದೂ ಅವರ ತಾಯಿ ಅತ್ತರೆಂದು. ಪೈಜಾಮದ ಲಾಡಿ ಬಿಗಿಯುತ್ತ ಬಿಗಿಯುತ್ತ ತುದಿಗಳು ಮೊಣಕಾಲಿನ ತನಕ ಜೋತಾಡುತ್ತಿದ್ದವು. ನಾನು ಒಲೆ ಮುಂದೆ ನಿಂತು ಏನು ಮಾಡಲಿ, ಏನು ಮಾಡಲಿ ಎಂದು ಒಬ್ಬಳೇ ಗೊಣಗುತ್ತಿದ್ದೆ.

ಹೈದರಾಬಾದಿನಲ್ಲಿರುವ ನಾದಿನಿ ಅಣ್ಣನನ್ನು ನೋಡಲು ಬಂದಾಗ ಈ ಮಶೀನು ತಂದಳು. ಅವಳ ಮನೆಯಲ್ಲಿ ಕಪಾಟಿನ ಮೇಲೆ ಧೂಳು ತಿನ್ನುತ್ತ ಬಿದ್ದಿತ್ತಂತೆ. ಜೊತೆಗೆ ಬಂದ ಪುಸ್ತಕ ಎಲ್ಲೋ ಕಳೆದಿದೆ ಎಂದಳು. ಈಸ್ಟಿನ ಪೊಟ್ಟಣ ಕೈಗಿಟ್ಟು, ಸಂಜೆಯ ಗಾಡಿಗೆ ಹೊರಡುವ ಅವಸರದಲ್ಲೇ ಪಾಠ ಹೇಳಿದಳು.

"ಭಾಳ ಸರಳ ಅದ ವೈನಿ. ಹಿಟ್ಟು, ನೀರು, ಈಸ್ಟ್ ಹಾಕಿ ಬಟನ್ ಒತ್ತರಿ. ನಾದೋದು, ಉಬ್ಬಸೋದು, ಸುಡೋದು, ಎಲ್ಲಾ ಅದೇ ಮಾಡ್ತದ."

ಹಿಟ್ಟು ಅಂದರೆ ಅವಳ ಲೆಕ್ಕದಲ್ಲಿ ಮೈದಾ. ನನ್ನ ಆಸೆ ಬೇರೆ. ರೊಟ್ಟಿ ಇಲ್ಲದೆ ಊಟವೇ ಅಲ್ಲ ಅನ್ನುತ್ತಿದ್ದ ಮನುಷ್ಯ, ಒಂದಿಷ್ಟಾದರೂ ಜೋಳದ ವಾಸನೆ ಬರಲಿ ಎಂದು ಅರ್ಧ ಮೈದಾ, ಅರ್ಧ ಜೋಳದ ಹಿಟ್ಟು ಹಾಕಿದೆ. ಜೋಳದ ಹಿಟ್ಟು ಗೋಧಿಯಂತಲ್ಲ, ತಣ್ಣೀರಿಗೆ ಹಿಡಿದುಕೊಳ್ಳುವುದಿಲ್ಲ. ಕುದಿಯುವ ನೀರು ಸುರಿದು ನಾದಬೇಕು. ಆ ನೀರೇ ಎಸರು. ಆದರೂ ನಾದಿನಿ ಬರೀ ನೀರು ಅಂದಿದ್ದಳೆಂದು ತಣ್ಣೀರಿನ ತಂಬಿಗೆ ಎತ್ತಿದ್ದೆ. ಅತ್ತೆ ಬಾಗಿಲಲ್ಲೇ ತಡೆದರು.

"ಎಸರು ಹಾಕಲ್ದ ಜ್ವಾಳದ ಹಿಟ್ಟಿಗಿ ಜಿಗಿ ಹ್ಯಾಂಗ ಬರ್ತದ? ಇಷ್ಟು ವರ್ಷ ರೊಟ್ಟಿ ಬಡದೀ, ಮರ್ತ್ಯಾ?"

ಅವರು ಹೇಳಿದ್ದು ನನಗೂ ಸರಿಯೆನ್ನಿಸಿತು. ಕೊತಕೊತ ಕುದಿಯುವ ಎಸರು ಸುರಿದು, ಮೇಲೆ ಈಸ್ಟ್ ಉದುರಿಸಿ, ಬಟನ್ ಒತ್ತಿದೆ. ಮಶೀನು ಗರಗರ ತಿರುಗಿತು, ನಿಂತಿತು, ಮತ್ತೆ ತಿರುಗಿತು. ನಾನು ಸ್ಟೂಲು ಎಳೆದುಕೊಂಡು ಅದರ ಗಾಜಿಗೆ ಮುಖವಿಟ್ಟು ಕೂತೆ. ಉಬ್ಬುತ್ತದೆ, ಈಗ ಉಬ್ಬುತ್ತದೆ. ಕೊನೆಗೆ ಪೀಂ ಪೀಂ ಎಂದು ಕೂಗಿದಾಗ ಒಳಗಿದ್ದದ್ದು ಬೂದು ಬಣ್ಣದ ಒಂದು ಇಟ್ಟಿಗೆ. ಅತ್ತೆ ಅದನ್ನು ಬೆರಳ ಗಂಟಿನಿಂದ ಟಕಟಕ ಬಡಿದು ನೋಡಿದರು.

"ಪರಸಿ ಖಣಿ ಮನ್ಯಾಗೇ ತಗದಿ ಏನವ್ವ."

ಈ ಊರಿನ ಸುತ್ತ ಪರಸಿ ಕಲ್ಲಿನ ಗಣಿಗಳು; ನೆಲ, ಗೋಡೆ, ಮಾಡು ಎಲ್ಲವೂ ಅದೇ ಕಲ್ಲು. ಇವರು ನಗಲು ಹೋಗಿ ಗಲ್ಲ ಹಿಡಿದುಕೊಂಡರು. ನಗುವುದಕ್ಕೂ ನೋವು. ಆಮೇಲೆ ಗೋಡೆಯ ಕಡೆ ಹೊರಳಿ ಮಲಗಿದರು.

ಈಸ್ಟ್ ಕಡಿಮೆಯಾಯಿತೇನೋ ಎಂದು ಮರುದಿನ ಎರಡರಷ್ಟು ಹಾಕಿದೆ. ಎಸರು ಅದೇ. ಇಟ್ಟಿಗೆಯೂ ಅದೇ, ಈ ಸಲ ಹುಳಿ ನಾತ ಬೇರೆ. ಆ ಇಟ್ಟಿಗೆಯನ್ನು ಹಿತ್ತಿಲ ಗೋಡೆಗೆ ಎಸೆದೆ. ನಾದಿನಿಗೆ ಫೋನು ಹಚ್ಚಿ ಬಾಯಿಗೆ ಬಂದಂತೆ ಬೈದೆ. ಪಾಪ, ಅವಳೇನು ಮಾಡಿಯಾಳು. ಅವಳಿಗೆ ಎಸರಿನ ಮಾತು ನಾನು ಹೇಳಲೂ ಇಲ್ಲ. ನೀರು ಅಂದರೆ ನೀರು ಎಂದುಕೊಂಡಿದ್ದಳು. ಆಸ್ಪತ್ರೆಗೆ ಹೋಗುವ ದಿನ ಹತ್ತಿರ ಬಂತು. ಇವರು ಎದ್ದು ಬಚ್ಚಲಿಗೆ ಹೋಗಬೇಕಾದರೂ ಗೋಡೆ ಹಿಡಿಯುತ್ತಿದ್ದರು. ನಳಿಗೆಯಾದರೂ ಹಾಕಿಬಿಡಲಿ, ಬದುಕಿದರೆ ಸಾಕು ಎಂದು ನನಗೇ ಅನ್ನಿಸತೊಡಗಿತು. ಅದನ್ನು ಅವರ ಮುಂದೆ ಹೇಳುವ ಧೈರ್ಯ ಇರಲಿಲ್ಲ.

ಸಂಜೆ ಮೊಸರಿಗೆ ಹೆಪ್ಪು ಹಾಕಲು ಕೂತಿದ್ದೆ. ಹಾಲು ಇನ್ನೂ ಬಿಸಿ. ಬೆರಳದ್ದಿ, ತೆಗೆದು, ಮತ್ತೆ ಅದ್ದಿ, ಆರಲಿ ಎಂದು ಕಾಯುತ್ತಿದ್ದೆ. ಹಾಗೆ ಅದ್ದಿದ ಬೆರಳು ಹಾಲಲ್ಲೇ ನಿಂತಿತು.

"ಅತ್ತಿ, ಕುದಿಯೋ ಹಾಲಿಗಿ ಹೆಪ್ಪು ಹಾಕಿದ್ರ ಏನಾಗ್ತದ?"

"ಹೆಪ್ಪು ಸಾಯ್ತದ. ಅದೇನು ಕೇಳ್ತಿ?"

"ಮತ್ತ ಈಸ್ಟಿಗಿ ಎಸರು ಹಾಕಂತ ಹೇಳಿದ್ರಿ?"

"ನಾ ಹಿಟ್ಟಿಗಿ ಹೇಳಿದ್ದೆ. ನಿನ್ನ ಡಬ್ಬಿ ಒಳಗ ಏನೇನು ಜೀವ ಸಾಕಿದ್ದಿ, ನನಗೇನು ಗೊತ್ತು?"

ಬೆಳಿಗ್ಗೆ ಒಂದೇ ಒಂದು ಹಿಡಿ ಜೋಳದ ಹಿಟ್ಟಿಗೆ ಎಸರು ಹಾಕಿ ಗಂಟಿಲ್ಲದಂತೆ ತಿರುವಿ ಬೇರೆ ಬಟ್ಟಲಲ್ಲಿ ಆರಲು ಬಿಟ್ಟೆ. ಹೆಪ್ಪು ಹಾಕುವ ಹಾಲಿನ ಹದಕ್ಕೆ ಬೆಚ್ಚಗಾದ ಮೇಲೆ ಮೈದಾ, ಬೆಚ್ಚನೆಯ ಹಾಲು, ಸ್ವಲ್ಪ ಸಕ್ಕರೆ, ಈಸ್ಟ್, ಚಿಟಿಕೆಯೂ ಅಲ್ಲದಷ್ಟು ಉಪ್ಪು ಸೇರಿಸಿ ಮಶೀನಿಗೆ ಹಾಕಿದೆ. ಈ ಸಲ ಗಾಜಿಗೆ ಮುಖ ಇಡಲಿಲ್ಲ, ಭಯ. ಸ್ವಲ್ಪ ಹೊತ್ತಿಗೆ ಅತ್ತೆಯೇ ಕರೆದರು. ಹಿಟ್ಟು ಮೇಲೆ ಬಂದಿತ್ತು. ಎಳೆಕೂಸಿನ ಹೊಟ್ಟೆಯ ಹಾಗೆ.

ಅದೇ ಹೊತ್ತಿಗೆ ಊರಿನ ಕರೆಂಟ್ ಹೋಯಿತು.

ನಾನು ನೆಲದ ಮೇಲೆ ಕೂತು ಅತ್ತುಬಿಟ್ಟೆ. ಹಿಂದಿನ ದಿನಗಳದ್ದೆಲ್ಲ ಸೇರಿಸಿ ಅತ್ತುಕೊಂಡೆ. ಕಾದೆವು, ಬರಲಿಲ್ಲ. ಉಬ್ಬಿದ ಹಿಟ್ಟು ನಡುವೆ ತಗ್ಗು ಬೀಳತೊಡಗಿತು. ಇನ್ನು ಕಾಯುವುದರಲ್ಲಿ ಅರ್ಥವಿಲ್ಲ ಎಂದು ಎದ್ದು, ಮಶೀನಿನ ಬುಟ್ಟಿ ಕಿತ್ತು, ಹಿಟ್ಟನ್ನು ನಿಂಬೆಗಿಂತ ದೊಡ್ಡ ಉಂಡೆಗಳಾಗಿ ಹರಿದೆ. ಅಭ್ಯಾಸದ ಕೈ ಬಡಿಯಲು ಹೋಯಿತು, ಹಿಂದೆಳೆದುಕೊಂಡೆ. ಬಡಿದರೆ ಒಳಗಿನ ಗಾಳಿ ಹೋದೀತು. ಮೆಲ್ಲಗೆ ಅಂಗೈಯಿಂದ ಒತ್ತಿ, ಗ್ಯಾಸಿನ ಮೇಲೆ ರೊಟ್ಟಿಯ ಹಂಚು ಇಟ್ಟು, ಸಣ್ಣ ಉರಿಯಲ್ಲಿ ಮೇಲೆ ಬೋಗುಣಿ ಮುಚ್ಚಿದೆ.

ಬೋಗುಣಿ ತೆಗೆದಾಗ ಮನೆಯಲ್ಲಿ ರೊಟ್ಟಿಯ ವಾಸನೆ. ಹಂಚಿನ ಮೇಲೆ ಮೆತ್ತನೆಯ, ಮೇಲ್ಪದರವೂ ಗಟ್ಟಿಯಾಗದ ಬಿಲ್ಲೆಗಳು. ಮಶೀನು ಸುಟ್ಟಿದ್ದರೆ ಅಂಚು ಗರಿಯಾಗಿ ಇವರ ಹುಣ್ಣಿಗೆ ತಾಗುತ್ತಿತ್ತು. ಅದು ನನಗೆ ಆಗಲೇ ಹೊಳೆದದ್ದು.

ಇವರು ತಾವಾಗಿಯೇ ಎದ್ದು ಬಂದು ಚಾಪೆಯ ಮೇಲೆ ಕೂತರು. ಒಂದನ್ನು ಕೈಗೆ ತೆಗೆದುಕೊಂಡು ಸುಮ್ಮನೆ ಹಿಡಿದಿದ್ದರು. ಆಮೇಲೆ ಚೂರು ಮುರಿದು, ಹಾಲಲ್ಲಿ ಅದ್ದಿ, ಪೂರ್ತಿ ತೆರೆಯದ ಬಾಯಿಯ ಸಂದಿಯಿಂದ ಒಳಗೆ ತಳ್ಳಿದರು. ಅತ್ತೆ, ನಾನು ಇಬ್ಬರೂ ಅವರ ಗಂಟಲನ್ನೇ ನೋಡುತ್ತಿದ್ದೆವು. ನುಂಗಿದರು. ಇನ್ನೊಂದು ಚೂರು. ಒಂದು ಪೂರ್ತಿ ಮುಗಿಯಿತು.

"ಉಪ್ಪು ಕಮ್ಮಿ ಆಗ್ಯದ."

ಆಸ್ಪತ್ರೆಯಲ್ಲಿ ಕರೆಂಟ್ ಕೊಟ್ಟ ಮೇಲೆ ಅವರು ಊಟಕ್ಕೆ ಹೆಸರಿಟ್ಟಿದ್ದು, ರುಚಿಯಲ್ಲಿ ತಪ್ಪು ಹಿಡಿದದ್ದು, ಅದೇ ಮೊದಲು. ಏನು ಕೊಟ್ಟರೂ ಮಣ್ಣು ತಿಂದಂಗಾಗ್ತದ ಅನ್ನುತ್ತಿದ್ದ ಬಾಯಿಗೆ ರುಚಿ ತಿಳಿದಿತ್ತು.

ಆಸ್ಪತ್ರೆಗೆ ಹೋಗುವ ತನಕ ಅದನ್ನೇ ಮಾಡಿದೆ. ತೂಕದ ಮಶೀನು ಹತ್ತುವ ಮುಂಚೆ ಚಪ್ಪಲಿ ಬಿಡಿಸಿದ ನರ್ಸಿನ ಮೇಲೆ ಸಿಟ್ಟು ಬಂತು. ಜೇಬಿನಲ್ಲಿ ಮೊಬೈಲ್ ಇತ್ತು, ತೆಗೆಯಿರಿ ಎಂದು ನಾನು ಹೇಳಲಿಲ್ಲ, ಅವರೇ ತೆಗೆದು ನನ್ನ ಕೈಗಿಟ್ಟರು. ಮುಳ್ಳು ಅಲ್ಲಾಡಿ ನಿಂತಿತು. ಏರಿರಲಿಲ್ಲ. ಇಳಿದಿರಲೂ ಇಲ್ಲ. ಡಾಕ್ಟರು ಫೈಲು ಮುಚ್ಚಿ, ನಳಿಗೆ ಸದ್ಯಕ್ಕೆ ಬೇಡ, ಮುಂದಿನ ಸಲ ನೋಡೋಣ ಎಂದರು.

ಹೀಗಾಗಿ ರೆಸಿಪಿ ಇಷ್ಟೇ: ಎಸರು ಜೋಳಕ್ಕೆ ಮಾತ್ರ, ಆರಿದ ಮೇಲೆ ಈಸ್ಟ್, ಮಶೀನು ಉಬ್ಬಿಸುವ ತನಕ ಸಾಕು. ಸುಡುವ ಹೊತ್ತಿಗೆ ಪ್ಲಗ್ಗು ಕಿತ್ತು, ಹಂಚಿನ ಮೇಲೆ ಮುಚ್ಚಿ ಬೇಯಿಸಿ. ಡಾಕ್ಟರು ಹೇಳಿದ ಆ ಮುಂದಿನ ಸಲ ಈ ಸೋಮವಾರ ಇದೆ. ಹಿಟ್ಟು ಉಬ್ಬಲಿಕತ್ತದ, ನಾನು ಏಳಬೇಕು.