ಅಕ್ಕ ಹಿಮದ ಗುಡ್ಡ ಏರಿದ್ದು

ಭಾನುವಾರ, ಬೆಳಿಗ್ಗೆ ಆರೂವರೆ, ಮಡಕಶಿರದ ನಮ್ಮ ಅಂಗಳ. ಹಾಜರಿದ್ದವರು: ನಾನು, ರಾಯದುರ್ಗದಿಂದ ಬಂದ ಅಕ್ಕ, ಎರಡು ಲೋಟ ಕಾಫಿ. ಪಕ್ಕದ ಮನೆಯವರು ಮೋಟಾರಿನ ಹಗ್ಗದಲ್ಲಿ ಮಹಡಿಗೆ ಇಟ್ಟಿಗೆ ಏರಿಸುತ್ತಿದ್ದರು.

"ತಮ್ಮಾ, ಅದರಾಗ ನಾನೂ ಕುಂದರ್ಲೇನು?" ಎಂದಳು ಅಕ್ಕ.

ಕೂರುವ ಮಾತು ಬಂತಲ್ಲ, ಹಿಮದ ಗುಡ್ಡ ನೆನಪಾಗಿ ನಕ್ಕುಬಿಟ್ಟೆ. ನನ್ನಂಥ ನಿವೃತ್ತ ಡ್ರಿಲ್ ಮಾಸ್ತರು ನಗುವುದು ಅಪರೂಪ, ನೀವು ನಂಬಬೇಕು.

ಮಟ್ಟಸ ನೆಲದಲ್ಲಿ ಅಕ್ಕ ಎಷ್ಟಾದರೂ ನಡೆಯುತ್ತಾಳೆ. ಮೆಟ್ಟಿಲು ಕಂಡರೆ ಮಂಡಿ ಮುಷ್ಕರ ಹೂಡುತ್ತದೆ. ರತ್ನಗಿರಿ ಕೋಟೆಗೆ ಹೋದಾಗಲೆಲ್ಲ ನಾವು ಮೇಲೆ, ಅವಳು ಕೆಳಗೆ ಬುತ್ತಿ ಚೀಲಗಳ ಕಾವಲಿಗೆ. ಹೋದ ವರ್ಷ ಉತ್ತರದ ಹಿಮದ ಗುಡ್ಡಕ್ಕೆ ಪ್ರವಾಸ ಹೊರಟಾಗ ಮೊದಲೇ ಹೇಳಿದ್ದಳು: "ಈ ಸಲ ಮ್ಯಾಲೆ ನಾ ಹೋಗಾಕಿ."

ಅಲ್ಲಿ ಮೆಟ್ಟಿಲಿಲ್ಲ. ಕೆಳಗೊಂದು, ಮೇಲೊಂದು ದೊಡ್ಡ ಚಕ್ರ, ಅವುಗಳ ಸುತ್ತ ನಿಲ್ಲದೆ ಓಡುವ ಉಕ್ಕಿನ ಹಗ್ಗ, ಓಡಿಸಲು ಮೋಟಾರು. ಇಷ್ಟೇ ವಿದ್ಯೆ. ಹಗ್ಗಕ್ಕೆ ಕುರ್ಚಿ ತೂಗಿದರೆ ಒಂದು ಜಾತಿ; ಅದು ನಿಮಗಾಗಿ ನಿಲ್ಲದು, ಮಂಡಿಯ ಹಿಂದೆ ತಾಗಿದಾಗ ಕೂತುಬಿಡಬೇಕು. ಮುಚ್ಚಿದ ಡಬ್ಬಿ ಇನ್ನೊಂದು. ನಿಲ್ದಾಣದಲ್ಲಿ ಹಗ್ಗದ ಹಿಡಿತ ಬಿಟ್ಟು ನಿಧಾನವಾಗುತ್ತದೆ, ಮುದುಕರೂ ಹತ್ತಬಹುದು. ಮೂರನೆಯದಕ್ಕೆ ಮರ್ಯಾದೆಯೇ ಇಲ್ಲ: ಹಗ್ಗದಿಂದ ಇಳಿಬಿದ್ದ, ತಲೆಕೆಳಗಾದ ಟಿ ಅಕ್ಷರದಂಥ ಕೋಲು. ಕಾಲಿಗೆ ಹಿಮದಲ್ಲಿ ಜಾರುವ ಹಲಗೆ ಕಟ್ಟಿಕೊಂಡು ನಿಂತರೆ ಹಿಂದಿನಿಂದ ನೂಕಿಕೊಂಡು ಏರಿಸುತ್ತದೆ.

ಡಬ್ಬಿಯ ಸಾಲು ಉದ್ದವಿತ್ತು. ಅಕ್ಕ ಸೀರೆ ಎತ್ತಿಕಟ್ಟಿ, ಹಲಗೆ ಕಟ್ಟಿಸಿಕೊಂಡು ಕೋಲಿಗೆ ನಿಂತಳು. ಅಲ್ಲಿನ ಆಳು ಕೂಗಿದ: "ಮತ್ ಬೈಠೋ, ಮಾಜಿ." ಕೂರಬೇಡಿ ತಾಯೀ ಎಂದು. ರಾಯದುರ್ಗದ ಕಿವಿಗೆ ಅವನ 'ಮತ್' ನಮ್ಮ 'ಮತ್ತ' ಆಯಿತು. ಬೈಠೋ ಎಂದರೆ ಕೂರು ಎಂಬಷ್ಟು ಹಿಂದಿ ಅಕ್ಕನಿಗೆ ಗೊತ್ತು. 'ಮತ್ತ, ಕುಂದರ್ರಿ' ಎಂದು ಉಪಚಾರ ಮಾಡುತ್ತಿದ್ದಾನೆಂದು ತಿಳಿದು ಪೂರ್ತಿ ಭಾರ ಬಿಟ್ಟು ಕೂತಳು. ಭಾರ ಹೊರದ ಕೋಲು ಕೆಳಗಿಳಿಯಿತು. ಅಕ್ಕ ಹಿಮದಲ್ಲಿ ಅಂಗಾತ.

"ಕುಂದರು ಅಂದು ಕೆಡವ್ತಾನಲ್ಲ, ಎಂಥಾ ಮಂದಿ?"

"ಅಂವ ಕುಂದರಬ್ಯಾಡ ಅಂದಿದ್ದು, ಅಕ್ಕಾ. ನಡಿ, ಚೀಲದ ಹತ್ರ ಹೋಗೋಣು."

"ನೀ ಹೋಗು. ನಾ ಬಿದ್ದಿದ್ದು ಕೆಳಗ. ಮ್ಯಾಲೆ ಇನ್ನಾ ಹೋಗಿಲ್ಲ."

ಹಲಗೆ ಬಿಚ್ಚಿ ಡಬ್ಬಿಯ ಸಾಲಿಗೆ ನಿಂತಳು, ಹಿಂದೆ ನಾನು. ಮೇಲೆ ಇಳಿದವಳು ಶಿಖರಗಳನ್ನು ಬಿಟ್ಟು, ಕೆಳಗೆ ಚೀಲ ಕಾಯುತ್ತ ಕೂತಿದ್ದ ಯಾರನ್ನೋ ನೋಡುತ್ತ ನಿಂತಳು.

"ರತ್ನಗಿರಿ ಕೋಟೆ ಮ್ಯಾಲಿಂದ ನಾನೂ ನಿಮಗ ಇಷ್ಟ ಸಣ್ಣಾಕಿ ಕಾಣ್ತಿದ್ನೇನು?"

 

ಇವತ್ತು ಕಾಫಿ ಮುಗಿಸಿ ಅಕ್ಕ ಹೇಳಿದಳು, "ನಿಮ್ಮ ಮಹಡಿ ನಾ ಇನ್ನಾ ನೋಡಿಲ್ಲ." ಭಾನುವಾರದ ವೇಳಾಪಟ್ಟಿಯನ್ನು ಬದಿಗಿಟ್ಟೆ. ಒಂದು ಮೆಟ್ಟಿಲು, ಒಂದು ವಿಶ್ರಾಂತಿ, ನನಗೆರಡು ಬೈಗುಳ. ಮೇಲೆ ತಲುಪಿದವಳು ಊಟಕ್ಕೂ ಇಳಿಯಲಿಲ್ಲ. ಸಂಜೆ ಅವಳ ಹಾಸಿಗೆಯನ್ನೂ ಅಲ್ಲಿಗೇ ಹೊತ್ತು ಹಾಕಿದೆ. ಇವತ್ತಿನ ಕೆಲಸ ಅಲ್ಲಿಗೆ ಮುಗಿಯಿತು. ಇಳಿಸುವುದು ನಾಳೆಯದು.