‘ಬೇಡ’ ಅನ್ನುವ ಪಾಠ

ಶ್ರೀನಿವಾಸಪುರದ ಹತ್ತಿರದ ಒಂದು ಹಳ್ಳಿಯಲ್ಲಿ, ಮಾದಕ ವಸ್ತುಗಳ ವಿರುದ್ಧ ತಮ್ಮೂರಲ್ಲೇ ಮುಂದೆ ನಿಂತು ಕೆಲಸ ಮಾಡಲು ಹೊರಟ ಹುಡುಗ ಹುಡುಗಿಯರಿಗೆ ತರಬೇತಿ ಕೊಡುತ್ತಿದ್ದೆ. ಅವತ್ತಿನ ಪಾಠ, ಗಟ್ಟಿಯಾಗಿ ‘ಬೇಡ’ ಅನ್ನುವುದು. ಕಾಗದದ ಪೊಟ್ಟಣವೊಂದನ್ನು ಚಲಪತಿ ಅನ್ನುವ ಹುಡುಗನ ಮುಂದೆ ಹಿಡಿದು, “ಗಾಂಜಾ ಅಂದ್ಕೋ. ತಗೋ ತಮ್ಮಾ” ಅಂದೆ.

ಅವನು ಕೈಮುಗಿದು, “ಈಗ ತಾನೇ ಆಯ್ತಣ್ಣಾ, ನೀವ್ ತಗೊಳ್ಳಿ” ಅಂದ. ಯಾರೋ ಕಾಫಿ ಕೊಟ್ಟ ಹಾಗೆ! ಎಲ್ಲರೂ ನಕ್ಕರು.

“ಮುಖ ನೋಡಿ ಬೇಡ ಅನ್ನೋಕೇನಯ್ಯಾ ಕಷ್ಟ?”

“ನಿಜವಾಗ್ಲೂ ಕೊಡೋಕೆ ಬಂದಿದ್ದು ನಮ್ ದೊಡ್ಡಪ್ಪನ ಮಗ ಸಾರ್. ಅಣ್ಣಂಗೆ ಹೆಂಗ್ ಬೇಡ ಅನ್ನೋದು?”

ನಗು ನಿಂತಿತು. ಪೊಟ್ಟಣ ಕೆಳಗಿಟ್ಟೆ. “ಮತ್ತೆ, ತಗೊಂಡ್ಯಾ?” ಅಂದೆ.

ಅವನು ಪಕ್ಕದಲ್ಲಿದ್ದ ಗೆಳತಿ ರೂಪಾಳ ಕಡೆ ನೋಡಿದ. ಅವಳೇ ಹೇಳಿದಳು: “ಕೈ ಚಾಚಿಬಿಟ್ಟಿದ್ದ ಸಾರ್. ನಾನು ‘ಲೇ, ಬಸ್ ಬಂತು ಬಾರೋ’ ಅಂತ ಕೂಗಿ ಎಳ್ಕೊಂಡ್ ಹೋದೆ. ಬೇಡ ಅನ್ನೋಕೆ ಬರ್ದಿರೋರನ್ನ ಪಕ್ಕದಲ್ಲಿರೋರು ಕರ್ಕೊಂಡ್ ಹೋಗ್ಬೇಕು.”

ಮಧ್ಯಾಹ್ನ ಊಟ ಚಲಪತಿಯ ಮನೆಯಲ್ಲಿ. ಎರಡು ಮುದ್ದೆ ಮುಗಿಸಿ ಉಸಿರು ಬಿಡುವಷ್ಟರಲ್ಲಿ ಅವನ ತಾಯಿ ಮೂರನೆಯದನ್ನು ತಂದರು. ತಟ್ಟೆಗೆ ಕೈ ಅಡ್ಡ ಹಿಡಿದೆ.

“ನಮ್ಮನೆ ಊಟ ಸೇರ್ಲಿಲ್ವಾ ಸಾರ್?” ಅಂದರು.

ಕೈ ತಾನಾಗಿ ಪಕ್ಕಕ್ಕೆ ಸರಿಯಿತು. ಅಷ್ಟರಲ್ಲಿ ಬಾಗಿಲಿಂದ ರೂಪಾ ಕೂಗಿದಳು: “ಸಾರ್, ಕೋಲಾರದ ಬಸ್ ಬಂತು, ಬೇಗ ಬನ್ನಿ!”

ಕೈ ತೊಳೆದು ಓಡಿದೆ. ಆ ಹೊತ್ತಿಗೆ ಆ ಊರಿಗೆ ಬಸ್ಸೇ ಇಲ್ಲ ಅಂತ ರಸ್ತೆಗೆ ಬಂದ ಮೇಲೆ ತಿಳಿಯಿತು.